ಕಟ್ಟಡವೂ ಅನರ್ಥದಂಡವೂ

ಮನೆ ಕಟ್ಟುವ ಗೃಹಸ್ಥನು ಹಿಂಸೆಯಿಂದ ಪೂರ್ತಿ ಪಾರಾಗಲಾರನು. ಪಾಯ ತೋಡಿದರೆ ಪೃಥ್ವೀಕಾಯಿಕ ಜೀವಗಳಿಗೆ ಘಾತ, ಗಾರೆ ಕಲಸಿದರೆ ಜಲಕಾಯಿಕಗಳಿಗೆ, ಇಟ್ಟಿಗೆ ಸುಟ್ಟರೆ ಅಗ್ನಿಕಾಯಿಕಗಳಿಗೆ. ಇದನ್ನು ಆರಂಭೀ ಹಿಂಸೆಯೆಂದು ಕರೆದ ನಮ್ಮ ಆಚಾರ್ಯರು ಶ್ರಾವಕನಿಗೆ ಇದು ಅನಿವಾರ್ಯವೆಂದು ಒಪ್ಪಿದರು. ಆದರೆ ಅಲ್ಲಿಗೇ ಕೈಬಿಡಲಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾ ಕೊನೆಯಲ್ಲಿ ಪ್ರಮಾದಚರ್ಯೆಯನ್ನು ಇಟ್ಟಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿಯನ್ನು ಕದಡುವುದು, ಗಿಡಮರ ಕಡಿಯುವುದು, ಇವೆಲ್ಲ ಅದರೊಳಗೆ ಬರುತ್ತವೆ.

ಈ ಪಟ್ಟಿ ನನಗೆ ಬಾಲ್ಯದಿಂದಲೂ ಬಾಯಿಪಾಠ. ಅರ್ಥವಾದದ್ದು ಮಾತ್ರ ವೃತ್ತಿಯ ಕೊನೆಗಾಲದಲ್ಲಿ. ಮುಖ್ಯೋಪಾಧ್ಯಾಯನಾಗಿದ್ದಾಗ ಹೊಸ ಕೋಣೆಗಳಿಗಾಗಿ ಎರಡು ಬೇವಿನ ಮರಗಳನ್ನು ಕಡಿಸಲು ನಾನೇ ಸಹಿ ಹಾಕಿದೆ. ನಕ್ಷೆಯನ್ನು ಹತ್ತು ಅಡಿ ಸರಿಸಿದ್ದರೆ ಮರಗಳು ಉಳಿಯುತ್ತಿದ್ದವು. ನಾನು ಕೇಳಲಿಲ್ಲ. ಮೇಲೆ ತಗಡು ಹೊದಿಸಿದರು. ಮಾರ್ಚ್ ತಿಂಗಳಲ್ಲೇ ಮಕ್ಕಳು ಪಾಟಿಯಿಂದ ಗಾಳಿ ಬೀಸಿಕೊಳ್ಳುತ್ತಾ ಕುಳಿತರು. ಅದು ಆರಂಭೀ ಹಿಂಸೆಯಲ್ಲ, ಪ್ರಮಾದ.

ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ವಳಕಮದಿನ್ನಿಯ ಸುತ್ತಿನ ಹಳ್ಳಿಗಳ ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ ಇರುತ್ತಿತ್ತು. ಹಗಲಿನ ಕಾವು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನೆಲಕ್ಕೆ ತಕ್ಕ ಈ ವಿವೇಕ ದೊಡ್ಡ ಕಟ್ಟಡಗಳಲ್ಲೂ ಇತ್ತು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿರಿ. ಕರಾವಳಿಯ ಮಳೆ ಜಾರಿಹೋಗುವಂತೆ ಇಳಿಜಾರು ಮಾಡುಗಳು, ಗಾಳಿ ಹಾಯುವ ಕಂಬಗಳ ಮಂಟಪ. ಬಯಲುಸೀಮೆಯ ಮಾದರಿಯನ್ನು ಅಲ್ಲಿ ಹಾಗೆಯೇ ನಕಲು ಮಾಡಲಿಲ್ಲ. ನಾವಾದರೋ ಚಳಿದೇಶದ ಗಾಜಿನ ಗೋಡೆಯನ್ನು ಸಿಂಧನೂರಿನ ಬಿಸಿಲಿಗೆ ತಂದು ನಿಲ್ಲಿಸಿ, ಒಳಗಿನ ಸೆಕೆ ಕಳೆಯಲು ಯಂತ್ರ ಓಡಿಸುತ್ತೇವೆ!

ಹೊಸ ವಿಜ್ಞಾನವೂ ಅದೇ ದಾರಿಗೆ ಬರುತ್ತಿದೆ. ಹೈದರಾಬಾದಿನ ಇನ್ಫೋಸಿಸ್ ಆವರಣದ ಒಂದು ಕಟ್ಟಡದ ಅರ್ಧಭಾಗಕ್ಕೆ ಮಾಮೂಲಿ ಹವಾನಿಯಂತ್ರಣ ಅಳವಡಿಸಿ, ಇನ್ನರ್ಧದ ಚಾವಣಿಯ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸಿ ಹೋಲಿಸಿದರು. ಎರಡನೆಯ ಭಾಗಕ್ಕೆ ವಿದ್ಯುತ್ತು ಗಣನೀಯವಾಗಿ ಕಡಿಮೆ ಸಾಕಾಯಿತು. ಬಿಸಿಲನ್ನು ಕಿಟಕಿಯ ಹೊರಗೇ ತಡೆಯುವ ಮರೆಗಳು, ಹಗಲು ಬೆಳಕಿನ ಬಳಕೆ ಇವೂ ಆ ಯೋಜನೆಯಲ್ಲಿದ್ದವು. ಆದರೂ ಒಂದು ಮಾತು: ಹಸಿರು ಕಟ್ಟಡವೆಂಬ ಫಲಕ ತೂಗುಹಾಕಿ, ಬೇಕಾದ್ದರ ಎರಡು ಪಟ್ಟು ಕಟ್ಟಿದರೆ ಪರಿಗ್ರಹ ಪರಿಮಾಣ ಉಳಿಯದು. ಎಷ್ಟು ಬೇಕೆಂಬ ಪ್ರಶ್ನೆ ಹೇಗೆ ಕಟ್ಟಬೇಕೆಂಬುದಕ್ಕಿಂತ ಮೊದಲು ಬರಬೇಕು.

ನಮ್ಮ ಭಾಗದ ಒಂದು ಊರಿನಲ್ಲಿ ಈಗ ಸಮುದಾಯ ಭವನದ ಮಾತು ನಡೆದಿದೆ. ಮುಂಭಾಗಕ್ಕೆ ಗಾಜು ಬೇಕೆಂದು ಯುವಕರ ಹಟ. ಉತ್ತರಕ್ಕೆ ದೊಡ್ಡ ಕಿಟಕಿ, ಪಡುವಣಕ್ಕೆ ಪಡಸಾಲೆಯ ನೆರಳು, ಮಾಳಿಗೆಯ ಮಳೆನೀರಿಗೆ ತೊಟ್ಟಿ, ಇಷ್ಟನ್ನು ನಾನು ಬರೆದುಕೊಟ್ಟಿದ್ದೇನೆ. ಒಪ್ಪುವರೋ ಇಲ್ಲವೋ ತಿಳಿಯದು. ನಿವೇಶನದ ಮೂಲೆಯಲ್ಲಿರುವ ಬೇವಿನ ಮರವನ್ನು ನಕ್ಷೆಯಲ್ಲಿ ಗುರುತಿಸಬೇಕೆಂದು ಮಾತ್ರ ಈ ಸಲ ಮೊದಲೇ ಕೇಳಿದ್ದೇನೆ.