ಉಗ್ಗುವ ನಾಲಿಗೆ, ಅಂಜುವ ಮನಸ್ಸು

ನಿಕಾಹ್ ನಿಶ್ಚಯವಾಗಿದ್ದ ಯುವಕನೊಬ್ಬ ತಾಯಿಯೊಂದಿಗೆ ನನ್ನ ಕ್ಲಿನಿಕ್‌ಗೆ ಬಂದಿದ್ದ. ಬಾಲ್ಯದಿಂದಲೂ ಅವನಿಗೆ ಉಗ್ಗು. ಎಲ್ಲರೆದುರು ‘ಕಬೂಲ್’ ಎನ್ನಲು ಆಗದಿದ್ದರೆ ಎಂಬ ಭಯದಿಂದ ಎರಡು ಸಲ ದಿನಾಂಕ ಮುಂದೂಡಿಸಿದ್ದ. “ಡಾಕ್ಟರ್ ಸಾಬ್, ನಾಲಿಗೆ ಸಡಿಲವಾಗಲು ಏನಾದರೂ ಮಾಜೂನ್ ಕೊಡಿ” ಎಂದರು ತಾಯಿ.

ಉಗ್ಗನ್ನು ನಮ್ಮ ಯುನಾನಿಯಲ್ಲಿ ಲುಕ್ನತ್ ಎನ್ನುತ್ತಾರೆ. ಅಕರ್ಕರಾ ಬೇರನ್ನು ನಾಲಿಗೆಗೆ ಉಜ್ಜುವ ಹಳೆಯ ಪದ್ಧತಿಯಿದೆ. ಮನೆಗಳಲ್ಲಿ ಬಜೆ ತೇಯ್ದು ನೆಕ್ಕಿಸುವುದೂ ಉಂಟು. ಆದರೆ ವಯಸ್ಕರ ಉಗ್ಗು ಇವುಗಳಿಂದ ಹೋಗುತ್ತದೆಂದು ನಾನು ಹೇಳಲಾರೆ. ಏಕೆಂದರೆ ದೋಷವಿರುವುದು ನಾಲಿಗೆಯಲ್ಲಲ್ಲ. ಮಾತಿನ ಸ್ನಾಯುಗಳ ಚಲನೆಯನ್ನು ಮಿದುಳು ಹೊಂದಿಸುವ ಕ್ರಮದಲ್ಲೇ ವ್ಯತ್ಯಾಸವಿರುತ್ತದೆ. ವಂಶದಲ್ಲಿ ಬರುವುದೂ ಇದೆ. ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಆರಂಭವಾಗಿ, ಬಹುಪಾಲು ಮಕ್ಕಳಲ್ಲಿ ಮಾಯವಾಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ.

ಉಗ್ಗು ಭಯದಿಂದ ಹುಟ್ಟುವುದಿಲ್ಲ, ಆದರೆ ಭಯದಿಂದ ಬೆಳೆಯುತ್ತದೆ. ಭಯವಾದಾಗ ಸ್ನಾಯು ಬಿಗಿಯುತ್ತದೆ, ಉಗ್ಗು ಹೆಚ್ಚುತ್ತದೆ, ಮುಂದಿನ ಸಲ ಭಯ ಇಮ್ಮಡಿಯಾಗುತ್ತದೆ. ಕ್ರಮೇಣ ಆ ವ್ಯಕ್ತಿ ಫೋನ್ ಎತ್ತುವುದಿಲ್ಲ, ಸಂದರ್ಶನಕ್ಕೆ ಹೋಗುವುದಿಲ್ಲ, ಸ್ವಂತ ಹೆಸರು ಹೇಳಲೂ ಹಿಂಜರಿಯುತ್ತಾನೆ.

ಕೌನ್ಸೆಲಿಂಗ್ ನೆರವಾಗುವುದು ಇಲ್ಲಿಯೇ. ಸಮಾಲೋಚಕರು ಮೊದಲು ತಾಳ್ಮೆಯಿಂದ ಆಲಿಸುತ್ತಾರೆ. ‘ಉಗ್ಗಿದರೆ ಎಲ್ಲರೂ ನಗುತ್ತಾರೆ’ ಎಂಬಂಥ ಯೋಚನೆ ಎಷ್ಟು ನಿಜವೆಂದು ಜೊತೆಗೂಡಿ ಪರಿಶೀಲಿಸುತ್ತಾರೆ. ಭಯದ ಸಂದರ್ಭಗಳನ್ನು ಪಟ್ಟಿಮಾಡಿ, ಸುಲಭವಾದುದರಿಂದ ಕಷ್ಟವಾದುದರವರೆಗೆ ಒಂದೊಂದಾಗಿ ಎದುರಿಸಲು ಅಭ್ಯಾಸ ಮಾಡಿಸುತ್ತಾರೆ. ‘ನನಗೆ ಉಗ್ಗಿದೆ, ಸ್ವಲ್ಪ ಸಮಯ ಕೊಡಿ’ ಎಂದು ಮೊದಲೇ ಹೇಳಿಬಿಡುವುದನ್ನು ಕಲಿಸುತ್ತಾರೆ. ಮುಚ್ಚಿಡುವ ಭಾರ ಇಳಿದರೆ ಅರ್ಧ ಬಿಗಿ ಸಡಿಲವಾದಂತೆ. ಉಗ್ಗು ಪೂರ್ತಿ ನಿಲ್ಲುತ್ತದೆಂಬ ಭರವಸೆ ಇದಲ್ಲ. ಉಗ್ಗಿದರೂ ಬದುಕು ನಿಲ್ಲಬಾರದು ಎಂಬುದೇ ಗುರಿ. ಜೊತೆಗೆ ಸ್ಪೀಚ್ ಥೆರಪಿಯೂ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಯಸ್ಕರಿಗೂ ಚಿಕಿತ್ಸೆಯಿದೆ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಮನೆಯವರು ಗಮನಿಸಿ: ಅವರ ಮಾತನ್ನು ನೀವು ಪೂರ್ತಿಗೊಳಿಸಬೇಡಿ. ‘ನಿಧಾನ, ನಿಧಾನ’ ಎನ್ನಬೇಡಿ. ಅಣಕಿಸುವುದಂತೂ ಬೇಡವೇ ಬೇಡ. ಮುಖ ನೋಡುತ್ತಾ, ಮಾತು ಮುಗಿಯುವವರೆಗೆ ಕಾಯಿರಿ. ಒಂದು ಎಚ್ಚರಿಕೆ: ಇದುವರೆಗೆ ಸರಾಗವಾಗಿ ಮಾತನಾಡುತ್ತಿದ್ದವರಿಗೆ ದಿಢೀರನೆ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಾಲಿಗೆಯ ಗಂಟು ಬಿಚ್ಚುವಂತೆ ಪ್ರವಾದಿ ಮೂಸಾ(ಅ) ಪ್ರಾರ್ಥಿಸಿದ್ದನ್ನು ಸೂರಃ ತಾಹಾದಲ್ಲಿ ಓದುತ್ತೇವೆ. ಅದೇ ಪ್ರಾರ್ಥನೆಯಲ್ಲಿ ಅವರು ಸಹೋದರ ಹಾರೂನ್‌ರ(ಅ) ನೆರವನ್ನೂ ಬೇಡಿದರು. ನೆರವು ಕೇಳುವುದು ನಾಚಿಕೆಯ ವಿಷಯವಲ್ಲ. ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪಟ್ಟು ಪ್ರತಿಫಲವಿದೆಯೆಂದು ಹದೀಸ್ ತಿಳಿಸುತ್ತದೆ.

ಆ ಯುವಕ ಕೆಲವು ತಿಂಗಳು ಕೌನ್ಸೆಲಿಂಗ್‌ಗೆ ಹೋದ. ಕಾಝಿಯವರಿಗೆ ಮುಂಚಿತವಾಗಿಯೇ ವಿಷಯ ತಿಳಿಸಿದ. ನಿಕಾಹ್‌ನ ದಿನ ಉಗ್ಗಿದ, ನಿಂತ, ಮತ್ತೆ ಹೇಳಿದ. ಸೇರಿದ್ದವರೆಲ್ಲ ಕಾದರು. ಅಲ್‌ಹಮ್ದುಲಿಲ್ಲಾಹ್, ನಿಕಾಹ್ ನೆರವೇರಿತು.