ಓದೆಂಬ ನಿತ್ಯದ ರೂಢಿ

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ'. ಅದು ಹುಟ್ಟಿದ್ದು ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ. ಅಂದು ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು ರಚಿಸಿದ ಆ ಗ್ರಂಥವು ಕನ್ನಡಿಗರನ್ನು ಕುರಿತು ದೊಡ್ಡದೊಂದು ಪ್ರಶಂಸೆಯ ಮಾತನ್ನಾಡಿದೆ. ಈ ನಾಡವರು ಪ್ರಯತ್ನಪೂರ್ವಕವಾಗಿ ಓದದೆ ಇದ್ದರೂ ಕಾವ್ಯದ ಮರ್ಮವನ್ನು ಬಲ್ಲವರು ಎಂಬುದು ಅದರ ತಾತ್ಪರ್ಯ. ಸಭೆಗಳಲ್ಲಿ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಈ ಹೆಮ್ಮೆಯೇ ಈಚೆಗೆ ನಾವು ಓದದಿರುವುದಕ್ಕೆ ಒಂದು ನೆಪವಾಗುತ್ತಿದೆಯೋ ಏನೋ ಎಂಬ ಸಂದೇಹ ನನ್ನದು.

ಅಂದಿನವರು ಓದದೆ ಕಾವ್ಯವನ್ನು ಬಲ್ಲವರಾದದ್ದು ಹೇಗೆ? ಅವರಿಗೆ ಕಿವಿಯ ಓದು ಇತ್ತು. ಒಬ್ಬ ಓದುತ್ತಿದ್ದ, ಹತ್ತು ಮಂದಿ ಕೇಳುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಪುರಾಣ, ಮಠದಲ್ಲಿ ಪ್ರವಚನ, ಅಮಾವಾಸ್ಯೆಯ ರಾತ್ರಿ ಭಜನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಕೋಳದ ಮಡಿವಾಳಪ್ಪನವರೂ ಅವರ ಶಿಷ್ಯರೂ ಹಾಡಿದ ತತ್ವಪದಗಳು ಅಕ್ಷರ ಬಾರದ ಒಕ್ಕಲಿಗನ ನಾಲಿಗೆಯ ಮೇಲೆಯೂ ನಿಂತವು. ನಿಜಾಮರ ಆಳ್ವಿಕೆ ಕೊನೆಗೊಂಡ 1948ರವರೆಗೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಚೇರಿಯ ಭಾಷೆ ಉರ್ದುವಾಗಿತ್ತು. ಹೆಚ್ಚಿನ ವಿದ್ಯಾಭ್ಯಾಸವೂ ಆ ಭಾಷೆಯಲ್ಲಿಯೇ ನಡೆಯುತ್ತಿತ್ತು. ಅಂಥ ಕಾಲದಲ್ಲಿಯೂ ಕನ್ನಡ ಈ ಭಾಗದಲ್ಲಿ ಬಾಡದೆ ಉಳಿಯಿತೆಂದರೆ, ಅದಕ್ಕೆ ಈ ಕಿವಿಯ ಓದೇ ಬಹುಮಟ್ಟಿಗೆ ಕಾರಣವೆನ್ನಬೇಕು.

ಇಂದಿನ ಪರಿಸ್ಥಿತಿ ಬೇರೆ. ಅಕ್ಷರ ಮನೆಮನೆಗೆ ಬಂದಿದೆ. ಪುರಾಣದ ಕಟ್ಟೆ ಬರಿದಾಗಿದೆ. ಕಿವಿಯ ಓದು ಹೋಯಿತು, ಅದರ ಜಾಗಕ್ಕೆ ಕಣ್ಣಿನ ಓದು ಬರಲಿಲ್ಲ. ಕಾಲೇಜಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು ನಾನು. ಒಳ್ಳೆಯ ಅಂಕಗಳೊಡನೆ ಪದವಿ ಪಡೆದ ಎಷ್ಟೋ ಮಂದಿ, ಪರೀಕ್ಷೆ ಮುಗಿದ ಮರುದಿನದಿಂದ ಪುಸ್ತಕ ಮುಟ್ಟದವರನ್ನು ಕಂಡಿದ್ದೇನೆ. ಅಕ್ಷರ ಕಲಿಸುವುದು ಶಾಲೆಯ ಕೆಲಸ. ಆದರೆ ಓದನ್ನು ರೂಢಿಯಾಗಿಸಿಕೊಳ್ಳುವುದು ಅವರವರ ಕೆಲಸ. ಮೊದಲನೆಯದು ಆದೊಡನೆ ಎರಡನೆಯದೂ ತಾನಾಗಿ ಆಗುತ್ತದೆಂದು ನಂಬಿ ಕುಳಿತಿದ್ದೇವೆ.

ನಮ್ಮ ಹಿರಿಯರು ಹಾಗೆ ನಂಬಲಿಲ್ಲ. ಚಿತ್ತಾಪುರಕ್ಕೆ ಹೊಂದಿಕೊಂಡಿರುವ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ಅಲ್ಲಿಯ 1058ರ ಶಾಸನದಲ್ಲಿ ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖವಿದೆ. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಭಂಡಾರಿಗರೆಂದರೆ ಅದನ್ನು ಕಾಯ್ದುಕೊಂಡವರು. ತಾಳೆಗರಿಯ ಗ್ರಂಥ ಹುಳುವಿಗೂ ತೇವಕ್ಕೂ ಬೇಗ ತುತ್ತಾಗುವ ವಸ್ತು. ಅದನ್ನು ಒರೆಸಬೇಕು, ಸವೆದಾಗ ಪ್ರತಿ ಮಾಡಬೇಕು, ಬೇಕಾದವರಿಗೆ ತೆಗೆದುಕೊಡಬೇಕು. ಓದು ಉಳಿಯಬೇಕಾದರೆ ಅದಕ್ಕೊಂದು ನಿತ್ಯದ ಏರ್ಪಾಡು ಬೇಕೆಂಬುದನ್ನು ಅವರು ಅರಿತಿದ್ದರು.

ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. 972ರಲ್ಲಿ ಪರಮಾರರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಅರಮನೆಗಳು ಹೋದವು. ಆದರೆ ಅದೇ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನನ 'ಶಾಂತಿಪುರಾಣ' ಉಳಿಯಿತು. ದಾನಚಿಂತಾಮಣಿ ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ರಾಜಧಾನಿಯನ್ನು ಸೈನ್ಯ ಕಾಯಲಾರದೆ ಹೋಯಿತು. ಕಾವ್ಯವನ್ನು ಓದುಗರು ಕಾಯ್ದರು.

ಇನ್ನು ಓದು ಹೇಗಿರಬೇಕು ಎಂಬುದಕ್ಕೆ ಶಹಾಬಾದದ ಸಮೀಪದ ಮರತೂರನ್ನು ನೆನೆಯಬಹುದು. 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನ ಊರೆಂದು ಅದಕ್ಕೆ ಪ್ರಸಿದ್ಧಿ. ಆರನೆಯ ವಿಕ್ರಮಾದಿತ್ಯನ ಕಾಲದ ಈ ಪಂಡಿತ ಮಾಡಿದ್ದೇನು? ಯಾಜ್ಞವಲ್ಕ್ಯ ಸ್ಮೃತಿಯೆಂಬ ಒಂದು ಗ್ರಂಥವನ್ನು ಬಿಡದೆ ಓದಿ, ಅರ್ಥವಾಗದ ಕಡೆ ನಿಂತು, ವಿರೋಧ ಕಂಡ ಕಡೆ ತರ್ಕಿಸಿ, ವ್ಯಾಖ್ಯಾನ ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ವ್ಯವಹಾರಕ್ಕೆ ಅದೇ ಶತಮಾನಗಳವರೆಗೆ ಆಧಾರವಾಯಿತು. ನೂರು ಪುಸ್ತಕಗಳನ್ನು ಮೇಲೆ ಮೇಲೆ ತಿರುವಿಹಾಕುವುದಕ್ಕಿಂತ ಒಂದನ್ನು ಮತ್ತೆ ಮತ್ತೆ ಓದುವುದರಲ್ಲಿ ಹೆಚ್ಚಿನ ಲಾಭವುಂಟು. ಇಪ್ಪತ್ತರ ವಯಸ್ಸಿನಲ್ಲಿ ಓದಿದ ಕುಮಾರವ್ಯಾಸ ಬೇರೆ, ಅರವತ್ತರಲ್ಲಿ ಓದುವ ಕುಮಾರವ್ಯಾಸ ಬೇರೆ. ಕಾವ್ಯ ಬದಲಾಗಿರುವುದಿಲ್ಲ, ಮಕ್ಕಳನ್ನು ಬೆಳೆಸಿ, ಹಿರಿಯರನ್ನು ಕಳೆದುಕೊಂಡು, ಓದುವವನು ಬದಲಾಗಿರುತ್ತಾನೆ. ಜೀವಮಾನವೆಲ್ಲ ಓದಬೇಕೆನ್ನುವುದು ಇದಕ್ಕಾಗಿಯೇ.

"ವೇಳೆ ಎಲ್ಲಿದೆ?" ಎಂದು ಕೇಳುವವರುಂಟು. ಸಣ್ಣದೊಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಹತ್ತೇ ಪುಟ ಓದಿದರೆ ವರ್ಷಕ್ಕೆ 3,650 ಪುಟ. ಇನ್ನೂರೈವತ್ತು ಪುಟದ ಹದಿನಾಲ್ಕು ಪುಸ್ತಕಗಳಾಗಿ ಇನ್ನಷ್ಟು ಪುಟಗಳು ಉಳಿಯುತ್ತವೆ. ನಲವತ್ತು ವರ್ಷ ಹೀಗೆ ನಡೆಸಿದವನು ಐನೂರೈವತ್ತಕ್ಕೂ ಹೆಚ್ಚು ಗ್ರಂಥಗಳನ್ನು ಓದಿರುತ್ತಾನೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕಾಯುವ ವೇಳೆಯೇ ಹತ್ತು ಪುಟಕ್ಕೆ ಸಾಕು. ಆ ವೇಳೆಯನ್ನು ಇಂದು ಕೈಯಲ್ಲಿರುವ ಮೊಬೈಲು ನುಂಗುತ್ತಿದೆ. ಯಂತ್ರವನ್ನು ಬೈದು ಫಲವಿಲ್ಲ, ಅದರಲ್ಲಿಯೂ ಪುಸ್ತಕಗಳಿವೆ. ಕೊರತೆ ಇರುವುದು ರೂಢಿಯದು. ಶಹಾಬಾದದ ಪರಸಿಕಲ್ಲನ್ನು ನೋಡಿ: ತೆಳುವಾದ ಪದರಿನ ಮೇಲೆ ಪದರು ಕೂತು, ಕೊನೆಗೆ ಮನೆಯ ನೆಲವಾಗುವಷ್ಟು ಗಟ್ಟಿಯಾಗಿದೆ. ಓದಿನ ಫಲವೂ ಹಾಗೆಯೇ. ಒಂದು ದಿನದ್ದು ಕಣ್ಣಿಗೆ ಕಾಣದು.

ಏರ್ಪಾಡು ನಮ್ಮ ಕಾಲದಲ್ಲಿಯೂ ಇಲ್ಲದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತೇವೆ. ಗ್ರಾಮ ಪಂಚಾಯತಿಗಳಲ್ಲಿ ಗ್ರಂಥಾಲಯಗಳಿವೆ. ಹಣ ತೆತ್ತವರು ಬಾಗಿಲವರೆಗೆ ಹೋಗುವುದಷ್ಟೇ ಉಳಿದಿದೆ. ಚಿಂಚೋಳಿಯ ಹಳ್ಳಿಯೊಂದರ ಹುಡುಗಿ ಅಲ್ಲಿಂದ ಪುಸ್ತಕ ತಂದಳೆನ್ನಿ. ಅದನ್ನು ಅವಳು ಊಟದ ನಂತರ ಗಟ್ಟಿಯಾಗಿ ಓದಲಿ. ಅಕ್ಷರ ಬಾರದ ಅಜ್ಜಿ ಕೇಳಲಿ. ಕಣ್ಣಿನ ಓದು, ಕಿವಿಯ ಓದು ಎರಡೂ ಅಲ್ಲಿ ಒಂದಾಗುತ್ತವೆ. ನಾಗಾವಿಯಲ್ಲಿ ಸರಸ್ವತೀ ಭಂಡಾರಿಗರು ಆರು ಮಂದಿ ಇದ್ದರು. ಇಂದು ಮನೆಗೊಬ್ಬರಿದ್ದರೆ ಸಾಕು.