ಡಬ್ಬಿ ತುಂಬಿ ಹೋಯ್ತು, ತುಂಬಿಯೇ ಬಂತು!

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬೆಳಗಿನ ಬಸ್ಸು. ಕೆಲಸಕ್ಕೆ ಹೊರಟ ಇಬ್ಬರು ತಾಯಂದಿರು ಅಕ್ಕಪಕ್ಕ ಕೂತಿದ್ದಾರೆ. ಮಾತು ಸಂಬಳದ್ದಲ್ಲ, ಸೀರೆಯದ್ದಲ್ಲ, ಮಕ್ಕಳ ಡಬ್ಬಿಯದ್ದು.

“ಐದಕ್ಕೆ ಎದ್ದು ಚಪಾತಿ, ಪಲ್ಯ ಮಾಡಿ ಕಟ್ಟಿದ್ದೆ ರೀ. ಸಂಜಿಗೆ ನೋಡಿದ್ರೆ ಹಂಗೇ ವಾಪಸ್ ಬಂದೈತೆ. ಎಲ್ರೂ ನೂಡಲ್ಸ್ ತರ್ತಾರೆ, ನಂದು ನೋಡಿ ನಗ್ತಾರೆ ಅಂತ ಅಳ್ತಾನೆ.”

“ನಮ್ಮನೇಲೂ ಅದೇ ಹಾಡು. ನಾನಂತೂ ಈಗ ಐದು ರೂಪಾಯಿ ಕೈಗೆ ಕೊಟ್ಟುಬಿಡ್ತೀನಿ. ಏನಾರ ತಿನ್ಲಿ ಬಿಡ್ರಿ.”

ಆ ಐದು ರೂಪಾಯಿಯ ಕಥೆಯೇ ಇವತ್ತಿನ ನಮ್ಮ ವಿಷಯ. ಅದಕ್ಕೆ ಶಾಲೆ ಗೇಟಿನ ಬಳಿ ಸಿಗುವುದೇನು? ಬಣ್ಣದ ಪೊಟ್ಟಣ. ಅದರಲ್ಲಿ ಅರ್ಧ ಗಾಳಿ, ಉಳಿದರ್ಧ ಎಣ್ಣೆ, ಉಪ್ಪು, ಹಿಟ್ಟು. ದೊಡ್ಡವರಿಗೇ ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು, ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಸಾಕು.

ಬಣ್ಣದ ವಿಚಾರ ಇನ್ನೂ ಗಂಭೀರ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ಹೇರಿದ್ದು ನೆನಪಿರಬಹುದು. ಮಿಠಾಯಿಯನ್ನು ಗುಲಾಬಿ ಮಾಡುತ್ತಿದ್ದ ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಬಟ್ಟೆ ಗಿರಣಿಗಳಿಂದ ಹೆಸರಾದ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕೆ?

ಹಾಗಂತ ಮಗನಿಗೆ ಬೈದು, “ಚಪಾತಿ ತಿಂದ್ರೆ ತಿನ್ನು, ಇಲ್ಲಾಂದ್ರೆ ಬಿಡು” ಎಂದರೆ ಡಬ್ಬಿ ಖಾಲಿಯಾಗುವುದಿಲ್ಲ. ಹುಡುಗನ ಸಂಕಟ ಬರೀ ನಾಲಿಗೆಯದ್ದಲ್ಲ, ಮರ್ಯಾದೆಯದ್ದು. ನಾಲ್ಕು ಜನರ ಮುಂದೆ ಮುಚ್ಚಳ ತೆಗೆದಾಗ ತನ್ನದೂ ಅವರದರಂತೆ ಕಾಣಬೇಕು, ಅಷ್ಟೇ. ಆದ್ದರಿಂದ ರೂಪ ಅವನದು ಇರಲಿ, ಒಳಗಿನ ಸತ್ವ ನಮ್ಮದಿರಲಿ. ಇದಕ್ಕೆ ಹೊಸ ಸಾಮಾನೇನೂ ಬೇಡ, ಎಲ್ಲವೂ ಅಡುಗೆಮನೆಯಲ್ಲೇ ಇದೆ.

ಮೊದಲು ನೂಡಲ್ಸ್. ಎರಡು ನಿಮಿಷದಲ್ಲಿ ಬೇಯುವ ಬಹುಪಾಲು ನೂಡಲ್ಸ್ ಮೈದಾದ್ದು, ಮೊದಲೇ ಎಣ್ಣೆಯಲ್ಲಿ ಕರಿದದ್ದು. ಜೊತೆಗಿರುವ ಮಸಾಲೆ ಪುಡಿಯಲ್ಲಿ ಉಪ್ಪೇ ಧಾರಾಳ. ನಮ್ಮ ಶಾವಿಗೆ ಅದರ ಅಣ್ಣನಲ್ಲವೆ? ಗೋಧಿಯದ್ದೋ ರಾಗಿಯದ್ದೋ ತನ್ನಿ. ಕುದಿಯುವ ನೀರಿಗೆ ಹಾಕಿ, ಬೆಂದ ಕೂಡಲೇ ಬಸಿದು ಮೇಲೆ ತಣ್ಣೀರು ಸುರಿಯಿರಿ. ಇಲ್ಲದಿದ್ದರೆ ಮುದ್ದೆಯಾಗಿ ಮಗ ಮತ್ತೆ ಮುಖ ತಿರುಗಿಸುತ್ತಾನೆ. ಕ್ಯಾರೆಟ್, ಬೀನ್ಸ್, ಎಲೆಕೋಸನ್ನು ಉದ್ದುದ್ದಕ್ಕೆ ಹೆಚ್ಚಿ ಒಗ್ಗರಣೆ ಮಾಡಿ, ಮೆಣಸಿನ ಪುಡಿ ಉದುರಿಸಿ, ನಿಂಬೆ ಹಿಂಡಿ. ನೋಡಿದವರು ನೂಡಲ್ಸ್ ಅಂದುಕೊಂಡರೆ ನಾವೇಕೆ ಬೇಡ ಅನ್ನಬೇಕು?

ಎರಡನೆಯದು ಕುರುಕಲು. ಮಂಡಕ್ಕಿಯ ಊರಿನಲ್ಲಿ ಚಿಪ್ಸಿಗೆ ಪರದಾಡುವುದು ನಾಚಿಕೆಗೇಡು! ಮಂಡಕ್ಕಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ, ಅರಿಷಿಣ, ಕರಿಬೇವು, ಬೆಳ್ಳುಳ್ಳಿ ಸಾಕು. ಆದರೆ ಬರೀ ಮಂಡಕ್ಕಿ ಎಂದರೆ ಉಬ್ಬಿದ ಅಕ್ಕಿ, ಅಷ್ಟೇ. ಹೊಟ್ಟೆಗೆ ಆಧಾರವಾಗುವುದು ಅದರೊಳಗಿನ ಶೇಂಗಾ ಮತ್ತು ಪುಟಾಣಿ. ಅವನ್ನು ಕೈ ಬಿಚ್ಚಿ ಹಾಕಿ, ಉಪ್ಪಿಗೆ ಮಾತ್ರ ಕೈ ಹಿಡಿಯಿರಿ. ಈರುಳ್ಳಿ, ಟೊಮೆಟೊ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತದೆ. ಡಬ್ಬಿಗೆ ಒಣ ಖಾರ ಮಂಡಕ್ಕಿಯೇ ಸರಿ.

ಮೂರನೆಯದು ಗೋಬಿ, ಕಟ್ಲೆಟ್ಟಿನ ಆಸೆ. ಇದಕ್ಕೆ ಪಡ್ಡು ಮದ್ದು. ನಾಲ್ಕು ಸೌಟು ದೋಸೆ ಹಿಟ್ಟಿಗೆ ಒಂದು ಸೌಟು ರಾಗಿ ಹಿಟ್ಟು ಬೆರೆಸಿ, ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು ಸೇರಿಸಿ ಕಾವಲಿಯ ಗುಳಿಗೆ ಹೊಯ್ಯಿರಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಬೆಳೆಯುವ ಮೂಳೆಗೆ ಯಾವುದು ಬೇಕು ಎಂದು ನೀವೇ ಲೆಕ್ಕ ಹಾಕಿ. ಜೊತೆಗೆ ಕಾಯಿ ಚಟ್ನಿ ಕಟ್ಟಬೇಡಿ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ. ಶೇಂಗಾ ಚಟ್ನಿಪುಡಿ ಕೆಡುವುದಿಲ್ಲ.

ಕೊನೆಗೆ ಸಿಹಿ. ಕ್ರೀಮ್ ಬಿಸ್ಕತ್ತಿನ ಬದಲು ಶೇಂಗಾ ಉಂಡೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಲೋಟ, ಬೆಲ್ಲದ ಪುಡಿ ಒಂದು ಲೋಟ. ಎರಡನ್ನೂ ಸೇರಿಸಿ ರುಬ್ಬಿದರೆ ಶೇಂಗಾದ ಎಣ್ಣೆಯಲ್ಲೇ ಉಂಡೆ ಕಟ್ಟಬಹುದು, ಪಾಕದ ರಗಳೆ ಇಲ್ಲ. ಶೇಂಗಾದ ತೂಕದಲ್ಲಿ ಕಾಲು ಭಾಗದಷ್ಟು ಪ್ರೋಟೀನು. ಆದರೆ ಬೆಲ್ಲವೂ ಒಂದು ಬಗೆಯ ಸಕ್ಕರೆಯೇ. ದಿನಕ್ಕೆ ಒಂದು ಸಣ್ಣ ಉಂಡೆ ಸಾಕು. ಶೇಂಗಾ ಒಗ್ಗದ ಮಕ್ಕಳಿಗೆ ಬೇಡವೇ ಬೇಡ. ತೀರಾ ಚಿಕ್ಕವರಿಗೆ ಇಡೀ ಕಾಳನ್ನು ಕೊಡಬಾರದು, ಗಂಟಲಿಗೆ ಸಿಕ್ಕೀತು.

“ಇದನ್ನೆಲ್ಲ ಮಾಡೋಕೆ ಟೈಮ್ ಎಲ್ಲೈತ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಉಂಡೆ, ಚಟ್ನಿಪುಡಿ, ಖಾರ ಮಂಡಕ್ಕಿಗಳನ್ನು ಭಾನುವಾರ ಮಾಡಿಟ್ಟರೆ ವಾರ ಕಳೆಯುತ್ತದೆ. ತರಕಾರಿ ಹೆಚ್ಚುವ ಕೆಲಸ ರಾತ್ರಿಯೇ ಮುಗಿಯಲಿ. ಅದು ಅಮ್ಮನೇ ಮಾಡಬೇಕೆಂದು ಯಾರು ಬರೆದಿಟ್ಟಿದ್ದಾರೆ? ಟಿ.ವಿ. ಮುಂದೆ ಕೂತ ಅಪ್ಪನ ಕೈಗೂ ಈಳಿಗೆ ಮಣೆ ಒಗ್ಗುತ್ತದೆ!

ಅಂಗಡಿಯ ಅಣ್ಣಂದಿರಿಗೂ ಒಂದು ಮಾತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರುವಂತಿಲ್ಲ. ಹೊಟ್ಟೆಪಾಡಿನ ಕಷ್ಟ ನಮಗೂ ಗೊತ್ತು. ಪೊಟ್ಟಣದ ಸರ ತೂಗುವ ಜಾಗದಲ್ಲಿ ಬಾಳೆಹಣ್ಣಿನ ಗೊನೆ ತೂಗಲಿ, ಬೇಯಿಸಿದ ಶೇಂಗಾ ಇರಲಿ. ಅವಕ್ಕೂ ಗಿರಾಕಿ ಇದ್ದಾರೆ.

ಪೊಟ್ಟಣ ಕೊಳ್ಳಲೇಬೇಕಾದರೆ ಹಿಂಬದಿ ಓದಿ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಮೂರು ಹೆಸರುಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಕಂಡರೆ ಒಳಗಿರುವುದು ಹೆಚ್ಚಾಗಿ ಅದೇ. ಮುಂಬದಿಯ ಹಣ್ಣಿನ ಚಿತ್ರ ನೋಡಿ ಮೋಸ ಹೋಗಬೇಡಿ.

ಬಸ್ಸಿನ ಆ ತಾಯಂದಿರು ಸಂಜೆಯ ಈ ಪತ್ರಿಕೆ ಓದಿದರೆ ನಮ್ಮದೊಂದು ವಿನಂತಿ. ನಾಳೆಯಿಂದಲೇ ಎಲ್ಲ ಬದಲಿಸಬೇಡಿ, ವಾರಕ್ಕೆ ಒಂದು ದಿನ ಶಾವಿಗೆ ಕಟ್ಟಿ ನೋಡಿ. ರಾತ್ರಿ ತರಕಾರಿ ಹೆಚ್ಚುವಾಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾನೇ ಕೈ ಹಾಕಿ ಮಾಡಿದ್ದನ್ನು ನಾಲ್ಕು ಜನರ ಮುಂದೆ ತೆಗೆಯಲು ಅವನು ನಾಚುವುದಿಲ್ಲ. ಸಂಜೆ ಡಬ್ಬಿ ಖಾಲಿ ಬಂದರೆ, ಯಾರ್ಯಾರಿಗೆ ಹಂಚಿದೆ ಎಂದು ಕೇಳಿ. ಹೆಸರು ಹೇಳಿದನೆಂದರೆ ಗೆದ್ದಿರಿ.